ಅಕ್ಷರ ದೊಡ್ಡದು ಮಾಡೋಕೂ ಇಷ್ಟು ಒದ್ದಾಡಬೇಕಾ?

ತೀರ್ಥಹಳ್ಳಿ ಮನೆಯಲ್ಲಿ ಅಪ್ಪನ ಹಳೇ ಲ್ಯಾಪ್‌ಟಾಪಿಗೆ, ಹೊಸಬರಿಗೆ ಸುಲಭ ಅಂತ ಹೆಸರಾದ ಒಂದು ಲಿನಕ್ಸ್ (ವಿಂಡೋಸ್ ಬದಲಿಗೆ ಹಾಕಬಹುದಾದ ಆಪರೇಟಿಂಗ್ ಸಿಸ್ಟಂ) ಹಾಕಿದ್ದೇನೆ. ಹಾಕುವುದೇನೋ ಸಲೀಸು. ನಮಗೆ ಬೇಕಾದ ಹಾಗೆ ಬದಲಾಯಿಸಲು ಹೋದಾಗಲೇ ತಲೆನೋವು ಶುರು.

ಅಡಿಕೆ ಲೆಕ್ಕ ಓದಲು ಅಪ್ಪನಿಗೆ ಕನ್ನಡ ಅಕ್ಷರ ಮಾತ್ರ ಸ್ವಲ್ಪ ದೊಡ್ಡದಾಗಿ ಕಾಣಬೇಕು, ಅಷ್ಟೇ. ಸೆಟ್ಟಿಂಗ್ಸಿನಲ್ಲಿ ಗಾತ್ರ ಹೆಚ್ಚಿಸಿದರೆ ಇಂಗ್ಲಿಷೂ ಜೊತೆಗೇ ಉಬ್ಬುತ್ತದೆ, 'ಸರಿ' ಬಟನ್ನು ಪರದೆಯಿಂದ ಆಚೆ ಹೋಗುತ್ತದೆ. ಕೆಲವು ಕಡೆ ಒತ್ತಕ್ಷರದ ಬುಡವೇ ಕತ್ತರಿಸಿರುತ್ತದೆ. 'ತೀರ್ಥಹಳ್ಳಿ' ಅಂತ ಫೋಲ್ಡರಿಗೆ ಹೆಸರಿಟ್ಟರೆ ಳ ಒತ್ತು ಅರ್ಧ ಮಾಯ! ಕನ್ನಡಕ್ಕೇ ಬೇರೆ ಫಾಂಟ್ ಗೊತ್ತುಮಾಡಬೇಕು ಅಂದ್ರೆ ಯಾವ ಅಕ್ಷರಕ್ಕೆ ಯಾವ ಫಾಂಟ್ ಅಂತ ತೀರ್ಮಾನಿಸುವ ಫಾಂಟ್‌ಕಾನ್ಫಿಗ್‌ಗೆ ಎಕ್ಸ್‌ಎಂಎಲ್ ಅನ್ನೋ ಕೋಡ್ ಥರದ ಫೈಲನ್ನು ಕೈಯಾರೆ ಬರೆಯಬೇಕು. ಹೊಸಬರು ಮಾಡುವ ಕೆಲಸವಾ ಇದು?

ಕನ್ನಡ ಟೈಪ್ ಮಾಡುವ ಕಗಪ ಕೀಲಿಮಣೆ ವಿನ್ಯಾಸ ಮಾತ್ರ ಲಿನಕ್ಸ್ ಒಳಗೇ ಸಿಗುತ್ತದೆ, ಅದನ್ನು ಮೆಚ್ಚಲೇಬೇಕು.

ಪರದೆಯ ಬಣ್ಣ, ರೂಪ ಬದಲಿಸುವ ಥೀಮಿನದೂ ಇದೇ ಗೋಳು. ನಾವು ಹಾಕಿದ ಥೀಮ್ ಫ್ಲಾಟ್‌ಪ್ಯಾಕ್ (ಬೇರೆ ಬೇರೆ ಲಿನಕ್ಸ್‌ಗಳಲ್ಲೂ ಓಡುವ ಒಂದು ಪ್ಯಾಕೇಜು) ಆ್ಯಪ್‌ಗಳಿಗೆ ಎಷ್ಟೋ ಸಲ ತಾಗುವುದೇ ಇಲ್ಲ. ಅವು ತಮ್ಮದೇ ಬೇಲಿಯೊಳಗೆ ಓಡುತ್ತವೆ. ಸುರಕ್ಷತೆಗೆ ಒಳ್ಳೇದೇ, ಒಪ್ಪುತ್ತೇನೆ. ಆದರೆ ಅದನ್ನು ಸೆಟ್ಟಿಂಗ್ಸಿನಲ್ಲೇ ಒಂದು ಸಾಲಿನಲ್ಲಿ ಹೇಳಬಹುದಲ್ವಾ? ಸುಮ್ನೆ ಹುಡುಕಿಸುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ, ಉತ್ತರ ಎಲ್ಲಿ ಹುಡುಕೋಣ?

ಜಾಸ್ತಿ ಏನೂ ಬೇಡ. ಭಾಷೆಗೊಂದು ಫಾಂಟ್, ಭಾಷೆಗೊಂದು ಗಾತ್ರ ಆರಿಸುವ ಜಾಗವನ್ನು ಸೆಟ್ಟಿಂಗ್ಸಿನಲ್ಲೇ ಕೊಡಿ.