ಹಾಲು ಬಿಟ್ಟರೆ ಕಿಡ್ನಿ ಕಲ್ಲು ಆಗಲ್ವಾ?

‘ಕಿಡ್ನಿ ಕಲ್ಲು ಆಗೋದೇ ಕ್ಯಾಲ್ಸಿಯಂನಿಂದ, ಹಾಲು-ಮೊಸರು ಬಿಡಿ’ ಎಂಬ ಮೆಸೇಜ್ ಮತ್ತೆ ಮತ್ತೆ ಬರುತ್ತದೆ. ಕಾಳಜಿಯಿಂದಲೇ ಕಳಿಸುತ್ತಾರೆ. ಆದರೆ ಸಲಹೆ ತಪ್ಪು.

ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್‌ನವು, ನಿಜ. ಆಕ್ಸಲೇಟ್ ಅಂದರೆ ಸಸ್ಯಾಹಾರದಲ್ಲಿರುವ, ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುವ ವಸ್ತು; ಪಾಲಕ್ ಸೊಪ್ಪಿನಲ್ಲಿ ಅದು ಜಾಸ್ತಿ. ಜೊತೆಗೆ ಮೊಸರಿದ್ದರೆ, ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಮಲದಲ್ಲಿ ಹೊರಗೆ ಹೋಗುತ್ತದೆ. ಮೊಸರು ಬಿಟ್ಟರೆ ಅದೇ ಆಕ್ಸಲೇಟ್ ರಕ್ತ ಸೇರಿ ಮೂತ್ರಕ್ಕೆ ಬರುತ್ತದೆ.

ಮೂತ್ರದಲ್ಲೂ ಕಾವಲಿದೆ. ಮೂತ್ರದಲ್ಲಿರುವ ಸಿಟ್ರೇಟ್ ಎಂಬ ವಸ್ತು ಮತ್ತು ಕಿಡ್ನಿಯೇ ತಯಾರಿಸುವ ಕೆಲವು ಪ್ರೋಟೀನ್‌ಗಳು ಹರಳು ಬೆಳೆಯದಂತೆ ತಡೆಯುತ್ತವೆ. ನಿಂಬೆ ನೀರು ಸಿಟ್ರೇಟ್ ಹೆಚ್ಚಿಸಬಹುದು. ಸಾಕಷ್ಟು ನೀರು ಕುಡಿಯುವುದಂತೂ ಎಲ್ಲಕ್ಕಿಂತ ಮುಖ್ಯ.

ಇಂಥ ಮೆಸೇಜ್ ಬಂದರೆ, ಯಾವ ಬಗೆಯ ಕಲ್ಲು ಅಂತ ಹೇಳಿದೆಯಾ ನೋಡಿ. ಯೂರಿಕ್ ಆಸಿಡ್ ಕಲ್ಲುಗಳೂ ಇವೆ, ಅಲ್ವಾ? ಹೊರಬಿದ್ದ ಕಲ್ಲನ್ನು ಸಣ್ಣ ಡಬ್ಬಿಯಲ್ಲಿಟ್ಟು ಲ್ಯಾಬ್‌ಗೆ ಕೊಟ್ಟರೆ ಬಗೆ ತಿಳಿಯುತ್ತದೆ. ಆ ರಿಪೋರ್ಟ್ ಹಿಡಿದು ಡಾಕ್ಟರನ್ನು ಕೇಳಿ.