ಶಿರಚ್ಛೇದದ ನಂತರದ ಕಥೆಯೂ ಬೇಕಿತ್ತು

ಸಿಖ್ಖರ ಒಂಬತ್ತನೆಯ ಗುರು ತೇಗ್ ಬಹಾದೂರ್ ಅವರ ಕುರಿತು ನಾನು ಓದಿದ ಲೇಖನವೊಂದು 1675ರ ನವೆಂಬರಿನಲ್ಲಿ, ಔರಂಗಜೇಬನ ಆಳ್ವಿಕೆಯಲ್ಲಿ, ದೆಹಲಿಯ ಚಾಂದನಿ ಚೌಕದಲ್ಲಿ ನಡೆದ ಶಿರಚ್ಛೇದಕ್ಕೇ ನಿಂತುಬಿಟ್ಟಿದೆ. ಅವರಿಗಿಂತ ಮೊದಲೇ ಪ್ರಾಣ ತೆತ್ತ ಮತಿದಾಸ್, ಸತಿದಾಸ್, ದಯಾಲಾ ಎಂಬ ಮೂವರು ಸಂಗಡಿಗರ ಹೆಸರನ್ನಾದರೂ ಹೇಳಬೇಕಿತ್ತು.

ಜನಿವಾರವನ್ನು ನಿರಾಕರಿಸಿದ ಮೊದಲ ಗುರು ನಾನಕರ ಪೀಠದಲ್ಲಿ ಕುಳಿತವರು, ಮೊರೆಯಿಟ್ಟು ಬಂದ ಕಾಶ್ಮೀರಿ ಪಂಡಿತರ ಜನಿವಾರ ಉಳಿಯಲೆಂದು ತಲೆ ಕೊಟ್ಟರೆಂದು ಸಿಖ್ ಪರಂಪರೆ ನೆನೆಯುತ್ತದೆ. ತನ್ನದಲ್ಲದ ನಂಬಿಕೆಗಾಗಿ ಮಾಡಿದ ಈ ತ್ಯಾಗವನ್ನು ಲೇಖನವು ‘ಧರ್ಮರಕ್ಷಣೆ’ ಎಂಬ ಒಂದೇ ಪದದಲ್ಲಿ ಮುಗಿಸಿರುವುದು ನನಗೆ ಸರಿಕಾಣಲಿಲ್ಲ.

ಅದೇ ಪರಂಪರೆಯ ಪ್ರಕಾರ, ಭಾಯಿ ಜೈತಾ ಎಂಬ ಶಿಷ್ಯರು ಕಾವಲಿನವರ ಕಣ್ತಪ್ಪಿಸಿ ಗುರುಗಳ ಶಿರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪಂಜಾಬಿನ ಆನಂದಪುರಕ್ಕೆ ಒಯ್ದು, ಇನ್ನೂ ಒಂಬತ್ತು ತುಂಬದ ಮಗ ಗೋವಿಂದರಿಗೆ ಒಪ್ಪಿಸಿದರು. ಇತ್ತ ಲಖಿ ಶಾ ಬಂಜಾರಾ ಎಂಬ ವ್ಯಾಪಾರಿ ದೇಹವನ್ನು ತನ್ನ ಗಾಡಿಯಲ್ಲಿ ಅಡಗಿಸಿ ಮನೆಗೆ ತಂದ. ಬಯಲಲ್ಲಿ ಚಿತೆ ಹೊತ್ತಿಸಿದರೆ ಸುಳಿವು ಸಿಕ್ಕೀತೆಂದು, ಸರಕುಸರಂಜಾಮಿನ ಸಮೇತ ಮನೆಗೇ ಬೆಂಕಿಯಿಟ್ಟು ಅಂತ್ಯಸಂಸ್ಕಾರ ಮುಗಿಸಿದ. ಸಂಸತ್ ಭವನದ ಸಮೀಪದ ರಕಾಬ್‌ಗಂಜ್ ಗುರುದ್ವಾರ ನಿಂತಿರುವುದು ಆ ಮನೆಯಿದ್ದ ಜಾಗದಲ್ಲೇ.