ಜ್ವಾಲಾಮುಖಿ ಮುಂದೆ ನಮ್ಮ ಹೊಗೆ ಲೆಕ್ಕಕ್ಕೇ ಇಲ್ವಾ?

ಒಂದು ಜ್ವಾಲಾಮುಖಿ ಸಿಡಿದರೆ ಸಾಕು, ಮನುಷ್ಯರು ಇಷ್ಟು ವರ್ಷ ಬಿಟ್ಟದ್ದಕ್ಕಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬರುತ್ತದೆ, ನಾವಾಗಲಿ ಕಂಪನಿಗಳಾಗಲಿ ಹೊಗೆ ಕಡಿಮೆ ಮಾಡಿ ಪ್ರಯೋಜನವಿಲ್ಲ ಅನ್ನುವ ಸಂದೇಶ ಆಗಾಗ ಬರುತ್ತಿರುತ್ತದೆ. ಇದು ತಪ್ಪು.

ನೆಲದ ಮೇಲಿನ, ಸಮುದ್ರದ ಅಡಿಯ ಎಲ್ಲ ಜ್ವಾಲಾಮುಖಿಗಳೂ ಸೇರಿ ವರ್ಷಕ್ಕೆ ಬಿಡುವುದು 100 ಕೋಟಿ ಟನ್‌ಗಿಂತ ಕಡಿಮೆ. ಕಲ್ಲಿದ್ದಲು, ತೈಲ, ಗ್ಯಾಸ್ ಸುಟ್ಟು ನಾವು ಬಿಡುವುದು 3,500 ಕೋಟಿ ಟನ್‌ಗೂ ಜಾಸ್ತಿ.

ನಂಬಿದವರನ್ನು ದೂರಬೇಕಿಲ್ಲ. ಮುಗಿಲೆತ್ತರದ ಬೂದಿ ಕಣ್ಣಿಗೆ ರಾಚುತ್ತದೆ. ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಾಗಾಗಿ ಅಂದಾಜು ತಪ್ಪುವುದು ಸಹಜ.

ನೀವೇ ಪರೀಕ್ಷಿಸಬಹುದು. ಹವಾಯಿಯ ಮೌನಾ ಲೋವಾದಲ್ಲಿ 1958ರಿಂದ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಳೆಯುತ್ತಿದ್ದಾರೆ. ಅದರ ಗ್ರಾಫ್ ಇಂಟರ್ನೆಟ್‌ನಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಅದರಲ್ಲಿ 1991ನೇ ಇಸವಿ ಹುಡುಕಿ. ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿದ ವರ್ಷ ಅದು. 20ನೇ ಶತಮಾನದ ಭಾರೀ ಸ್ಫೋಟಗಳಲ್ಲಿ ಒಂದು. ಆದರೂ ಗೆರೆ ಅಲ್ಲಿ ಮೇಲಕ್ಕೆ ಜಿಗಿದಿಲ್ಲ. ಉಲ್ಟಾ, ಅದು ಎರಚಿದ ಗಂಧಕದ ಮಂಜು ಬಿಸಿಲು ತಡೆದು ಭೂಮಿ ಸುಮಾರು ಅರ್ಧ ಡಿಗ್ರಿ ತಂಪಾಯಿತು, ಸ್ವಲ್ಪ ಕಾಲ ಮಾತ್ರ.

ಇಂಥ ಸಂದೇಶ ಬಂದಾಗ ಮೂರು ವಿಷಯ ನೋಡಿ: ಯಾವ ಅನಿಲ, ಎಷ್ಟು ಟನ್, ಎಷ್ಟು ಕಾಲದಲ್ಲಿ? ಸುಮ್ನೆ ‘ತುಂಬಾ ಜಾಸ್ತಿ’ ಅಂತ ಇದ್ದರೆ ಅದನ್ನು ಯಾವುದಕ್ಕೂ ಹೋಲಿಸಲು ಆಗುವುದಿಲ್ಲ. ನನಗೆ ಬೇಸರವಾಗುವುದು ಸಂದೇಶದ ಕೊನೆಯ ಸಾಲಿಗೆ. ವಿದ್ಯುತ್ ಸ್ಥಾವರ, ಕಾರ್ಖಾನೆ, ವಾಹನಗಳಿಂದಲೇ ಈ ಹೊಗೆಯ ದೊಡ್ಡ ಪಾಲು ಬರುತ್ತಿರುವಾಗ, ಅಲ್ಲಿ ಉಳಿಸಿದ ಪ್ರತಿ ಟನ್ನೂ ಲೆಕ್ಕಕ್ಕೆ ಬರುತ್ತದೆ.